ಇಲಿ ಓಡಾಡ್ತಿಲ್ಲ ಅಂದ್ರೆ ಮೊದಲು ಅದರ ಮೈ ನೋಡಿ: ಡೋಪಮೈನ್ ಲ್ಯಾಬ್‌ನಲ್ಲಿ ನನ್ನ ಅನುಭವ

ಡೋಪಮೈನ್ ಮೇಲೆ ಕೆಲಸ ಮಾಡ್ತೀನಿ ಅಂದ ತಕ್ಷಣ ಎಲ್ರೂ ಮೊಬೈಲ್ ಚಟ, ರೀಲ್ಸ್, ಖುಷಿ ಅಂತ ಶುರು ಹಚ್ಕೋತಾರೆ. ಡೋಪಮೈನ್ ಅಂದ್ರೆ ಮಿದುಳಿನ ನರಗಳು ಸಂದೇಶ ಸಾಗಿಸೋಕೆ ಬಳಸೋ ಒಂದು ರಾಸಾಯನಿಕ, ಮೈ ಅಲುಗಾಡೋಕೂ ಅದು ಬೇಕು. ನನ್ನ ಕೆಲಸದಲ್ಲಿ ಅದು ಅಂದ್ರೆ ಇಲಿಯ ಎಡಗೈ ಗೋಡೆ ಮುಟ್ತಾ ಇಲ್ವಾ, ನೀರು ಕುಡೀತಾ ಇಲ್ವಾ, ಮೈ ತಣ್ಣಗಾಗಿದ್ಯಾ, ಇಷ್ಟೇ.

ನಾನು ಮಾಡೋದು ಪಾರ್ಕಿನ್ಸನ್ಸ್ ಕಾಯಿಲೆಯ ಇಲಿ ಮಾಡೆಲ್, ಅಂದ್ರೆ ಡೋಪಮೈನ್ ನರಗಳು ಸತ್ತು ಚಲನೆ ಕುಂದೋ ಆ ಕಾಯಿಲೆಯ ಥರದ ಸ್ಥಿತಿಯನ್ನ ಇಲಿಯಲ್ಲಿ ತಂದು ನೋಡೋದು. ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕ ಮೇಲೆ, ಪೂರ್ತಿ ಅರಿವಳಿಕೆ ಕೊಟ್ಟು, ಮಿದುಳಿನ ಒಂದೇ ಪಕ್ಕದ ಡೋಪಮೈನ್ ನರಗಳನ್ನ ಸಿಕ್ಸ್-ಹೈಡ್ರಾಕ್ಸಿಡೋಪಮೈನ್ ಅನ್ನೋ ವಿಷದಿಂದ ಸಾಯಿಸ್ತೀವಿ. ಯಾಕೆ ಒಂದೇ ಪಕ್ಕ ಅಂತ ಹೊಸಬರು ಕೇಳ್ತಾನೇ ಇರ್ತಾರೆ. ಎರಡೂ ಪಕ್ಕ ಪೂರ್ತಿ ಹೋದ್ರೆ ಇಲಿ ತಿನ್ನೋದು ಕುಡಿಯೋದು ಎರಡೂ ಬಿಟ್ಟುಬಿಡತ್ತೆ, ಟ್ಯೂಬ್ ಹಾಕಿ ಊಟ ಕೊಡದೇ ಇದ್ರೆ ಉಳಿಯಲ್ಲ. ಸ್ವೀಡನ್ನಿನ ವಿಜ್ಞಾನಿ ಉರ್ಬನ್ ಉಂಗರ್‌ಸ್ಟೆಟ್ 1971ರಲ್ಲೇ ಇದನ್ನ ಬರೆದಿಟ್ಟಿದ್ದಾರೆ. ಒಂದು ಪಕ್ಕ ಮಾಡಿದ್ರೆ ಪ್ರಾಣಿಗೆ ಕಷ್ಟ ಕಡಿಮೆ, ಮತ್ತೆ ಚೆನ್ನಾಗಿರೋ ಇನ್ನೊಂದು ಪಕ್ಕವನ್ನ ಇಟ್ಕೊಂಡು ಹೋಲಿಸಬಹುದು.

ಈ ವಿಷ ಬಹಳ ಬೇಗ ಕೆಡತ್ತೆ. ಬೆಳಕು, ಗಾಳಿ, ಬಿಸಿ ಮೂರೂ ಆಗಲ್ಲ. ಸಲೈನ್‌ಗೆ ಸ್ವಲ್ಪ ಆಸ್ಕಾರ್ಬಿಕ್ ಆಸಿಡ್, ಅಂದ್ರೆ ವಿಟಮಿನ್ ಸಿ ಹಾಕಿ, ಐಸ್ ಮೇಲೆ ಫಾಯಿಲ್ ಸುತ್ತಿ ಇಡ್ತೀನಿ. ತಿಳಿಯಾಗಿದ್ದದ್ದು ಗುಲಾಬಿ-ಕಂದು ಆಗೋಕೆ ಶುರುವಾಯ್ತು ಅಂದ್ರೆ ಯೋಚನೆನೇ ಬೇಡ, ಎಸೆದು ಹೊಸದು ಮಾಡ್ಕೋಬೇಕು. ಸರ್ಜರಿಗೆ ಅರ್ಧ ಗಂಟೆ ಮೊದಲು ಡೆಸಿಪ್ರಮೈನ್ ಅನ್ನೋ ತಡೆ ಔಷಧಿ ಕೊಡ್ತೀವಿ, ಇಲ್ಲಾಂದ್ರೆ ವಿಷ ನಾರ್‌ಅಡ್ರಿನಾಲಿನ್ ಅನ್ನೋ ಇನ್ನೊಂದು ರಾಸಾಯನಿಕ ಬಳಸೋ ನರಗಳ ಒಳಗೂ ನುಗ್ಗತ್ತೆ, ಆಮೇಲೆ ಕಾಣಿಸಿದ್ದು ಯಾವುದರ ಪರಿಣಾಮ ಅಂತ ಹೇಳೋಕಾಗಲ್ಲ. ತಲೆಯನ್ನ ಅಲುಗದ ಹಾಗೆ ಹಿಡಿಯೋ ಸ್ಟೀರಿಯೋಟ್ಯಾಕ್ಸಿಕ್ ಫ್ರೇಮ್‌ನಲ್ಲಿ ಕೂರಿಸಿ, ಬ್ರೆಗ್ಮಾದಿಂದ, ಅಂದ್ರೆ ತಲೆಬುರುಡೆಯ ಮೂಳೆಗಳು ಸೇರೋ ಒಂದು ಬಿಂದುವಿನಿಂದ ಅಳತೆ ತಗೊಂಡು ಸೂಜಿ ಇಳಿಸಿ, ತುಂಬಾ ನಿಧಾನವಾಗಿ ಬಿಟ್ಟು, ಮುಗಿದ ಮೇಲೂ ಸೂಜಿಯನ್ನ ಐದು ನಿಮಿಷ ಅಲ್ಲೇ ಬಿಡ್ತೀನಿ, ತಕ್ಷಣ ಎಳೆದ್ರೆ ಬಿಟ್ಟಿದ್ದೆಲ್ಲ ಸೂಜಿ ದಾರಿಯಲ್ಲೇ ಮೇಲೆ ಬಂದುಬಿಡತ್ತೆ. ಇಷ್ಟೂ ಹೊತ್ತು ಇಲಿ ಕೆಳಗೆ ಹೀಟಿಂಗ್ ಪ್ಯಾಡ್, ಮೈ 37 ಡಿಗ್ರಿ ಹತ್ರ ಇರಲೇಬೇಕು. ಅರಿವಳಿಕೆಯಲ್ಲಿ ಇಲಿ ಮೈ ಸರಕ್ಕನೆ ತಣ್ಣಗಾಗತ್ತೆ, ಎಚ್ಚರ ಆಗೋದೂ ತಡ, ಒಂದೊಂದ್ಸಲ ಎಚ್ಚರ ಆಗೋದೇ ಇಲ್ಲ.

ಆಮೇಲಿನ ಆರೈಕೆ ಬಗ್ಗೆ ಯಾರೂ ಉದ್ದ ಬರೆಯಲ್ಲ, ನನ್ನ ಪ್ರಕಾರ ಅಸಲಿ ಕೆಲಸ ಅದೇ. ದಿನಾ ತೂಕ, ನೋವಿನ ಔಷಧಿ, ನೆನೆಸಿದ ಮೆತ್ತನೆ ಫೀಡು ಪಂಜರದ ನೆಲದ ಮೇಲೇ, ನೀರಿನ ಬಾಟಲಿ ತುದಿ ಕೈಗೆಟುಕೋ ಹಾಗೆ ಕೆಳಗೆ. ತೂಕ ಇಳೀತಾನೇ ಇದ್ರೆ ಚರ್ಮದಡಿಗೆ ಬೆಚ್ಚಗಿನ ಸಲೈನ್. ಹಸಿದು ಒಣಗಿದ ಇಲಿ ಮೂಲೆಯಲ್ಲಿ ಮುದುರಿ ಕೂತಿರತ್ತೆ, ನಾವು "ಆಹಾ, ಡೋಪಮೈನ್ ಹೋಯ್ತು" ಅಂತ ಬರ್ಕೊಂಡ್ರೆ ಆ ಡೇಟಾಗೆ ಅರ್ಥ ಇಲ್ಲ.

ಎರಡು ಮೂರು ವಾರ ಆದ್ಮೇಲೆ ತಿರುಗೋ ಟೆಸ್ಟು. ಬಲಪಕ್ಕ ಹಾಳಾಗಿದೆ ಅಂದ್ಕೊಳ್ಳಿ. ಆಂಫೆಟಮೈನ್ ಕೊಟ್ರೆ ಅದು ಇನ್ನೂ ಬದುಕಿರೋ ಎಡಪಕ್ಕದ ನರಗಳಿಂದ ಡೋಪಮೈನ್ ಹೊರಡಿಸತ್ತೆ, ಇಲಿ ಬಲಕ್ಕೆ ಗಿರಗಿರ ಸುತ್ತತ್ತೆ. ಕೆಲವು ದಿನ ಬಿಟ್ಟು ಅದೇ ಇಲಿಗೆ ಡೋಪಮೈನ್ ಥರಾನೇ ಕೆಲಸ ಮಾಡೋ ಅಪೊಮಾರ್ಫಿನ್ ಕೊಡಿ, ಕಿಲೋಗೆ 0.05 ಮಿಲಿಗ್ರಾಂನಷ್ಟು ಸಣ್ಣ ಡೋಸು ಸಾಕು, ಈಗ ಎಡಕ್ಕೆ ಸುತ್ತತ್ತೆ! ಡೋಪಮೈನ್ ಸಿಗದೆ ಬಲಪಕ್ಕದ ರಿಸೆಪ್ಟರ್‌ಗಳು, ಅಂದ್ರೆ ಡೋಪಮೈನ್ ಬಂದು ಕೂರೋ ಜಾಗಗಳು, ಅತಿ ಸೂಕ್ಷ್ಮ ಆಗಿರತ್ವೆ, ಅಪೊಮಾರ್ಫಿನ್ ನೇರ ಅಲ್ಲೇ ಕೂರತ್ತೆ, ಇಲಿ ಯಾವ ಪಕ್ಕ ಜೋರಾಗಿ ಕೆಲಸ ಮಾಡ್ತಿದ್ಯೋ ಅದರಿಂದ ದೂರ ತಿರುಗತ್ತೆ. ಮೊದಲ ಸಲ ನೋಡಿದಾಗ ಅಕ್ಷರಶಃ ಬಾಯಿ ಬಿಟ್ಕೊಂಡು ನಿಂತಿದ್ದೆ. (ಅಪೊಮಾರ್ಫಿನ್ ಕೂಡ ಇಟ್ರೆ ಹಸಿರಾಗತ್ತೆ, ಅವತ್ತಿಂದು ಅವತ್ತೇ ಮಾಡ್ಕೊಳ್ಳಿ.)

ಔಷಧಿ ಇಲ್ಲದ ಟೆಸ್ಟ್ ಅಂದ್ರೆ ಸಿಲಿಂಡರ್, ನನಗೆ ಇದರ ಮೇಲೇ ಜಾಸ್ತಿ ನಂಬಿಕೆ. ಗಾಜಿನ ಸಿಲಿಂಡರ್ ಒಳಗೆ ಬಿಟ್ರೆ ಇಲಿ ಹಿಂಗಾಲ ಮೇಲೆ ಎದ್ದು ಗೋಡೆ ಮುಟ್ಟತ್ತೆ. ಆರೋಗ್ಯವಾಗಿರೋದು ಎರಡೂ ಕೈ ಹೆಚ್ಚುಕಡಿಮೆ ಸಮ ಬಳಸತ್ತೆ, ಮಿದುಳಿನ ಬಲಪಕ್ಕ ನಡೆಸೋದು ಎಡಗೈಯನ್ನ, ಹಾಗಾಗಿ ಬಲಪಕ್ಕ ಹೋಗಿರೋದು ಬಲಗೈ ಊರಿ ಎಡಗೈಯನ್ನ ಎದೆ ಹತ್ರವೇ ಇಟ್ಕೊಂಡಿರತ್ತೆ. ವಿಡಿಯೋ ನಿಧಾನ ಮಾಡಿ ಎಣಿಸಬೇಕು, ಎಣಿಸೋರಿಗೆ ಯಾವ ಇಲಿ ಯಾವ ಗುಂಪು ಅಂತ ಗೊತ್ತಿರಬಾರದು. ಪದೇಪದೇ ಹಾಕಿದ್ರೆ ಇಲಿಗೆ ಬೇಜಾರಾಗಿ ಏಳೋದೇ ಬಿಡತ್ತೆ. ಇಲಿ ರಾತ್ರಿ ಪ್ರಾಣಿ, ಹಗಲು ಹತ್ತು ಗಂಟೆ ಬೆಳಕಲ್ಲಿ ಟೆಸ್ಟ್ ಮಾಡಿ ಚಲನೆ ಕಡಿಮೆ ಅನ್ನೋದು ನಿದ್ದೆಗಣ್ಣಲ್ಲಿರೋರನ್ನ ಎಬ್ಬಿಸಿ ಓಡಿಸಿದ ಹಾಗೆ. ನಾವು ಕತ್ತಲ ಅವಧಿಯಲ್ಲಿ ಕೆಂಪು ಲೈಟ್ ಹಾಕ್ಕೊಂಡು ಮಾಡ್ತೀವಿ.

ಮೈ ಮತ್ತು ಚಲನೆ ಎಷ್ಟು ಅಂಟಿಕೊಂಡಿವೆ ಅನ್ನೋಕೆ ರೆಸರ್ಪಿನ್ ನೋಡಿ, ನರಗಳಲ್ಲಿರೋ ಡೋಪಮೈನ್ ಖಾಲಿ ಮಾಡೋ ಔಷಧಿ ಅದು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ತಂಡ ರೆಸರ್ಪಿನ್ ಕೊಟ್ಟು ಸ್ತಬ್ಧವಾಗಿದ್ದ ಪ್ರಾಣಿಗಳನ್ನ, ಮಿದುಳಲ್ಲಿ ಡೋಪಮೈನ್ ಆಗಿ ಬದಲಾಗೋ ಎಲ್-ಡೋಪಾ ಕೊಟ್ಟು ಎಬ್ಬಿಸಿ ತೋರಿಸಿತು, 2000ದಲ್ಲಿ ಅವರಿಗೆ ನೊಬೆಲ್ ಬಂತು. ಆದ್ರೆ ರೆಸರ್ಪಿನ್ ಡೋಪಮೈನ್ ಒಂದನ್ನೇ ಖಾಲಿ ಮಾಡಲ್ಲ, ಸೆರೊಟೋನಿನ್, ನಾರ್‌ಅಡ್ರಿನಾಲಿನ್ ಕೂಡ ಹೋಗತ್ತೆ, ಮೈ ತಣ್ಣಗಾಗತ್ತೆ, ರೆಪ್ಪೆ ಜೋತು ಬೀಳತ್ತೆ, ಭೇದಿ ಆಗತ್ತೆ. ಅಂಥ ಇಲಿ ಅಲುಗಾಡದೇ ಇರೋದ್ರಲ್ಲಿ ಎಷ್ಟು ಪಾಲು ಮಿದುಳಿಂದು, ಎಷ್ಟು ಚಳಿಯದ್ದು? ಬರೀ ಚಲನೆ ಅಳೆದ್ರೆ ಬೇರ್ಪಡಿಸೋಕೆ ದಾರಿನೇ ಇಲ್ಲ. ಅದಕ್ಕೇ ನನ್ನ ಶೀಟ್‌ನಲ್ಲಿ ಪ್ರತಿ ಟೆಸ್ಟ್ ಪಕ್ಕ ತೂಕ, ಗುದದ ಉಷ್ಣತೆ, ಕುಡಿದ ನೀರು, ಟೈಮು ನಾಲ್ಕೂ ಕಾಲಂ ಇರತ್ತೆ, ಉಷ್ಣತೆ ಮಾತ್ರ ಟೆಸ್ಟ್ ಮುಗಿದ ಮೇಲೆ, ಯಾಕಂದ್ರೆ ಥರ್ಮಾಮೀಟರ್ ಹಾಕೋ ಗಲಾಟೆಗೇ ಇಲಿ ಬಿಸಿ ಆಗತ್ತೆ.

ಕೊನೆಗೆ ಮಿದುಳಿನ ಸ್ಲೈಸ್‌ಗೆ ಟೈರೋಸಿನ್ ಹೈಡ್ರಾಕ್ಸಿಲೇಸ್ ಸ್ಟೇನ್ ಹಾಕ್ತೀವಿ, ಡೋಪಮೈನ್ ತಯಾರಿಸೋಕೆ ಬೇಕಾದ ಕಿಣ್ವ ಇದು, ಬದುಕಿರೋ ನರ ಎಲ್ಲಿದೆ ಅಂತ ಬಣ್ಣದಿಂದ ತೋರಿಸತ್ತೆ. ಎಡಗಡೆ ಸ್ಟ್ರಯೇಟಮ್ (ಡೋಪಮೈನ್ ನರಗಳು ಹೋಗಿ ಸೇರೋ ಮಿದುಳಿನ ಭಾಗ) ಗಾಢ ಕಂದು, ಬಲಗಡೆ ಹೆಚ್ಚುಕಡಿಮೆ ಖಾಲಿ. ಬಲಗಡೆಯೂ ಕಂದು ಉಳಿದಿದ್ರೆ ಆ ಇಲಿ ಸಿಲಿಂಡರ್‌ನಲ್ಲಿ ಏನೇ ಮಾಡಿರಲಿ, ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ಅನಾಲಿಸಿಸ್‌ನಿಂದ ಹೊರಗೆ. ಎಷ್ಟು ಇಲಿ ಹೀಗೆ ಹೊರಗೆ ಹೋದ್ವು ಅನ್ನೋದನ್ನೂ ಪೇಪರ್‌ನಲ್ಲಿ ಹಾಕ್ತೀವಿ.