ಎಸ್ಟಿಮೇಟ್‌ನಲ್ಲಿ ಇರದ ಖರ್ಚು

ಬೆಂಗಳೂರಿನ ಹೊರವಲಯದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ ಬಿಹಾರದ ಆ ಹುಡುಗನಿಗೆ ಇಪ್ಪತ್ತೆರಡು ವರ್ಷ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಅವನ ಹೃದಯದ ಮೈಟ್ರಲ್ ಕವಾಟ ಕಿರಿದಾಗಿ ಸೋರುತ್ತಲೂ ಇದೆ, ಬಲೂನಿನಿಂದ ಹಿಗ್ಗಿಸುವ ಹಂತ ದಾಟಿದ್ದು ಕವಾಟವನ್ನೇ ಬದಲಿಸಬೇಕು ಎಂದು ಎಕೋ ಪರೀಕ್ಷೆ ನೋಡಿದ ವೈದ್ಯರು ಹೇಳಿದರು. ಆ ಕಾರ್ಮಿಕರ ಶೆಡ್ಡುಗಳ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತಿದ್ದ ನಾನು ಅವಸರದಲ್ಲಿ ಅವನ ಫೋಟೊ ಮತ್ತು ನನ್ನದೇ ಯುಪಿಐ ಸಂಖ್ಯೆಯನ್ನು ವಾಟ್ಸ್ಆ್ಯಪ್‌ಗೆ ಹಾಕಿದೆ. ಇದನ್ನು ನಂಬುವುದು ಹೇಗೆ ಎಂದು ಪರಿಚಿತರೊಬ್ಬರು ಕೇಳಿದಾಗ ಬೇಸರವಾಯಿತಾದರೂ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆ ಸಂದೇಶವನ್ನು ಅಳಿಸಿ, ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಎಸ್ಟಿಮೇಟ್ ಬರೆಸಿಕೊಂಡು, ಹಣವನ್ನು ನೇರವಾಗಿ ಆಸ್ಪತ್ರೆಯ ಖಾತೆಗೇ ಕಟ್ಟುವಂತೆ ಕೇಳಿಕೊಂಡೆ.

ಅಷ್ಟರಲ್ಲಿ ಸರ್ಕಾರಿ ಯೋಜನೆಗಳ ಬಾಗಿಲನ್ನೂ ತಟ್ಟಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಸೌಲಭ್ಯವನ್ನು ಬೇರೆ ರಾಜ್ಯದಲ್ಲೂ ಪಡೆಯಬಹುದು, ಆದರೆ ಫಲಾನುಭವಿಗಳ ಪಟ್ಟಿಯಲ್ಲಿ ಅವನ ಮನೆಯವರ ಹೆಸರಿರಲಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು; ಮೂರು ವರ್ಷ ದುಡಿಸಿಕೊಂಡಿದ್ದ ಮೇಸ್ತ್ರಿ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಆ ನೋಂದಣಿಯ ಲೇಬರ್ ಕಾರ್ಡನ್ನು ಮೈ ಗಟ್ಟಿಯಿದ್ದಾಗಲೇ ಮಾಡಿಸಿಟ್ಟುಕೊಳ್ಳಬೇಕೆಂದು ಈಗ ಪ್ರತಿ ಶೆಡ್ಡಿನಲ್ಲೂ ಹೇಳುತ್ತೇನೆ.

ಮೊದಲು ಕೊಟ್ಟವರು ಅವನ ಜೊತೆಗಾರರು, ತಲಾ ಒಂದು ದಿನದ ಕೂಲಿ. ಆ ಪಟ್ಟಿಯನ್ನು ತೋರಿಸಿದ ಮೇಲೆ ನನ್ನ ಪರಿಚಯದವರು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯ ಶಿಫಾರಸಿನಿಂದ ಬಿಲ್ಲಿನಲ್ಲಿ ಸ್ವಲ್ಪ ರಿಯಾಯಿತಿಯೂ ಸಿಕ್ಕಿತು.

ನಾನು ಎಡವಿದ್ದು ಶಸ್ತ್ರಚಿಕಿತ್ಸೆಯ ನಂತರದ ಲೆಕ್ಕದಲ್ಲಿ. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಅವನಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದೂ ಇತ್ತು. ತಿಂಗಳುಗಟ್ಟಲೆ ಭಾರ ಎತ್ತುವಂತಿಲ್ಲವೆಂದರೆ ಕೂಲಿಯೂ ಇಲ್ಲ. ಊರಿನಿಂದ ಬಂದ ತಾಯಿಯ ಊಟ, ಬಾಡಿಗೆ ಕೋಣೆ ಯಾವುದೂ ಎಸ್ಟಿಮೇಟ್‌ನಲ್ಲಿರಲಿಲ್ಲ. ಸಂಕೋಚ ನುಂಗಿಕೊಂಡು, ಕೊಟ್ಟವರನ್ನೇ ಮತ್ತೆ ಕೇಳಿದೆ. ನಾಲ್ವರು ತಿಂಗಳಿಗಿಷ್ಟೆಂದು ಒಂದು ವರ್ಷ ಕೊಡಲು ಒಪ್ಪಿದರು.

ಈಗ ಅವನು ಊರಿನಲ್ಲಿ ಮೊಬೈಲ್ ರಿಪೇರಿ ಕಲಿಯುತ್ತಿದ್ದಾನೆ. ಪ್ರತಿ ತಿಂಗಳು ಐಎನ್‌ಆರ್ ರಿಪೋರ್ಟಿನ ಫೋಟೊ ಕಳಿಸಿ, "ದೀದಿ, ಸರಿ ಇದೆಯಾ?" ಎಂದು ಹಿಂದಿಯಲ್ಲಿ ಕೇಳುತ್ತಾನೆ. ವೈದ್ಯರು ಹೇಳಿದ್ದ ಮಿತಿ 2.5ರಿಂದ 3.5, ಕಳೆದ ತಿಂಗಳು 2.8 ಇತ್ತು.