ರೇಡಿಯೋದಿಂದ ಫೈಲ್ ಇಳಿಸ್ಕೊಂಡ ಕಥೆ

ವರ್ಲ್ಡ್‌ಸ್ಪೇಸ್ ರಿಸೀವರ್ (ಉಪಗ್ರಹದಿಂದ ನೇರ ಬರೋ ರೇಡಿಯೋ, 2009ರ ಕೊನೇಲಿ ಇಂಡಿಯಾದಲ್ಲಿ ನಿಂತೋಯ್ತಲ್ಲ, ಅದೇ) ತಂದ ದಿನ ಮಾಮೂಲಿ ರೇಡಿಯೋ ತರ ಕಪಾಟಿನ ಮೇಲಿಟ್ಟು ಆನ್ ಮಾಡ್ದೆ. ಏನೂ ಇಲ್ಲ. ಎಫ್ಎಂ ಆದ್ರೆ ಕೊರ್ರ್ ಅಂತಾನಾದ್ರೂ ಅನ್ನತ್ತೆ, ಇದು ಬಂದ್ರೆ ಸ್ವಚ್ಛ, ಇಲ್ಲಾಂದ್ರೆ ಮೌನ. ಅದರ ಉಪಗ್ರಹ ಏಷ್ಯಾಸ್ಟಾರ್ ಇದ್ದಿದ್ದು 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಮೀ ಮೇಲೆ. ಚಪ್ಪಟೆ ಆಂಟೆನಾನ ಪೂರ್ವದ ಕಿಟಕಿಗೆ ತಂದು, ಸ್ವಲ್ಪ ದಕ್ಷಿಣಕ್ಕೆ ವಾಲಿಸಿ, ಮುಖ ಮೇಲೆತ್ತಿ, ಸಿಗ್ನಲ್ ಗೀಟು ಏರೋದನ್ನೇ ನೋಡ್ತಾ ಸರಿಸಿ ಸರಿಸಿ ಇಟ್ಟ ಮೇಲೆ ದನಿ ಬಂತು. ಇದು ಬಳಸ್ತಿದ್ದ ಎಲ್-ಬ್ಯಾಂಡ್ ರೇಡಿಯೋ ಅಲೆ ಮಳೆಗೆಲ್ಲಾ ಜಗ್ಗಲ್ಲ, ಆದ್ರೆ ಕಿಟಕಿ ಮುಂದಿನ ಮರ ಚಿಗುರಿದಾಗ ಕಾಟ ಕೊಡ್ತು.

ಹಾಡು ಕೇಳೋದಕ್ಕಿಂತ ನಂಗೆ ಹುಚ್ಚು ಹಿಡಿಸಿದ್ದು ಹಿಂದಿದ್ದ ಡೇಟಾ ಪೋರ್ಟು. ಅಡಾಪ್ಟರ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿದಾಗಲೇ ತಲೆಗೆ ಹೋಗಿದ್ದು, ಮೇಲಿಂದ ಬರ್ತಿರೋದು ಹಾಡೇ ಅಲ್ಲ, ಬರೀ ಸೊನ್ನೆ-ಒಂದರ ಬಿಟ್ಟುಗಳು ಅಂತ. ಸೆಕೆಂಡಿಗೆ 16 ಕಿಲೋಬಿಟ್‌ನ ಒಂದೊಂದು ತುಂಡು, ಅಂಥ 96 ತುಂಡು ಸೇರಿ ಒಂದು ಕ್ಯಾರಿಯರ್, ಅಂದ್ರೆ ಇವನ್ನೆಲ್ಲಾ ಹೊತ್ತು ತರೋ ಒಂದು ರೇಡಿಯೋ ಅಲೆ. ಮಾತಿನ ಚಾನೆಲ್‌ಗೆ ಒಂದು ತುಂಡು ಸಾಕು, ಸ್ಟೀರಿಯೋ ಸಂಗೀತಕ್ಕೆ ನಾಲ್ಕು, ಇನ್ನೂ ಚೆನ್ನಾಗಿರ್ಬೇಕಂದ್ರೆ ಎಂಟು. ಸಾಲಾಗಿ ಬರೋ ತುಂಡುಗಳಲ್ಲಿ ನಮ್ಮ ಚಾನೆಲ್‌ದು ಯಾವ್ದು ಅಂತ ರಿಸೀವರ್ ಹೆಕ್ಕತ್ತೆ, ಮುಂದೆ ಅಂಟಿಸಿರೋ ಗುರುತು (ಹೆಡರ್) ನೋಡಿ ಆಡಿಯೋ ಆದ್ರೆ ಎಂಪಿ3 ಜಾತಿಯ ಡಿಕೋಡರ್‌ಗೆ ಕೊಡತ್ತೆ, ಡೇಟಾ ಆದ್ರೆ ಪೋರ್ಟಿಗೆ ತಳ್ಳತ್ತೆ, ಚಿತ್ರಾನೋ ಪಠ್ಯಾನೋ ಅದಕ್ಕೇನ್ ಗೊತ್ತು.

ಇನ್ನೊಂದು ವಿಷ್ಯ, ಆಕಾಶದಿಂದ ಇಳಿಯೋ ಬಿಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಾರೀಲಿ ಕೆಟ್ಟ ಬಿಟ್ಟುಗಳನ್ನ ಸರಿ ಮಾಡ್ಕೊಳ್ಳೋ ಎರರ್ ಕರೆಕ್ಷನ್‌ಗೇ ಹೋಗ್ತಿತ್ತು. ದಂಡ ಅನ್ಕೊಂಡಿದ್ದೆ. ಹಾಡಲ್ಲಿ ಒಂದು ಚೂರು ಹೋದ್ರೆ ಕಿವಿ ಕ್ಷಮಿಸಿಬಿಡತ್ತೆ, ಜಿಪ್ ಫೈಲಲ್ಲಿ ಒಂದು ಬಿಟ್ ಕೆಟ್ರೂ ಫೈಲ್ ಸರಿಯಾಗಿ ತೆರೆಯದೇ ಹೋಗ್ಬಹುದು, ಆಗ ಅರ್ಥ ಆಯ್ತು ಯಾಕೆ ಅಷ್ಟೊಂದು ಅಂತ.

ಸ್ಪೀಡಂತೂ ಕೇಳ್ಬೇಡಿ. ನಾಲ್ಕು ತುಂಡು ಸೇರಿದ 64 ಕಿಲೋಬಿಟ್ ಅಂದ್ರೆ ಸೆಕೆಂಡಿಗೆ 8 ಕಿಲೋಬೈಟ್, ಒಂದು ಎಂಬಿಗೆ ಎರಡು ನಿಮಿಷದ ಮೇಲೆ. ಆದ್ರೆ ಅದೇ ಎರಡು ನಿಮಿಷದಲ್ಲಿ ಒಬ್ರಿಗಾದ್ರೂ ಅಷ್ಟೇ, ಲಕ್ಷ ಜನಕ್ಕಾದ್ರೂ ಅಷ್ಟೇ, ಫೋನ್ ಲೈನೂ ಬೇಡ. ತೊಂದ್ರೆ ಅಂದ್ರೆ ಇದು ಒನ್‌ವೇ, ಈ ತುಂಡು ಸಿಗ್ಲಿಲ್ಲ ಇನ್ನೊಂದ್ಸಲ ಕಳ್ಸು ಅಂತ ಉಪಗ್ರಹಕ್ಕೆ ಕೇಳಕ್ಕಾಗಲ್ಲ. ಅದೇ ಫೈಲ್ ಮತ್ತೆ ಬಿಡೋವರೆಗೂ ಕಾಯ್ಬೇಕು, ಒಂದ್ಸಲ ಮುಗಿಯಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಕರೆಂಟ್ ಹೋಗಿ, ರಾತ್ರಿಯೆಲ್ಲಾ ಕಂಪ್ಯೂಟರ್ ಆನ್ ಇಟ್ಕೊಂಡು ಮುಂದಿನ ಸುತ್ತಿಗೆ ಕಾದಿದ್ದೀನಿ.