ಗಂಡನನ್ನು ರಂಗದಿಂದ ಇಳಿಸಿದ ಮೇಲೆ ಡೆಬೊರಾ ಮಾತಾಡಿದಳು

"ಕಿತ್ತೂರು ಚೆನ್ನಮ್ಮ ಮಾಡಮ್ಮ, ಜನ ಬರ್ತಾರೆ. ಫ್ರಾಂಕ್ಲಿನ್ ಹೆಂಡ್ತಿ ಯಾರಿಗೆ ಬೇಕು?" ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ಹೀಗೆ ಅಂದು ಮೂರು ವರ್ಷ ಆಯಿತು. ಈ ಯುಗಾದಿಗೆ ಅದೇ ಹಿರಿಯರು, ಪಕ್ಕದ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಏಳದೆ, ಫ್ರಾಂಕ್ಲಿನ್ ಹೆಂಡತಿ ಡೆಬೊರಾ ಮೇಲಿನ ನನ್ನ ಏಕವ್ಯಕ್ತಿ ನಾಟಕವನ್ನು ನಲವತ್ತು ನಿಮಿಷ ಕೂತು ನೋಡಿದರು. ಏಕವ್ಯಕ್ತಿ ಮಾಡುವವರಿಗೆ ಬೆಳಕು, ರಿಹರ್ಸಲ್ ಅಂತ ನಾನು ಪಾಠ ಹೇಳಬೇಕಿಲ್ಲ. ಎಲ್ಲೆಲ್ಲಿ ಎಡವಿದೆ ಅಂತ ಮಾತ್ರ ಹೇಳುತ್ತೇನೆ.

ಫಿಲಡೆಲ್ಫಿಯಾದ ಮಾರ್ಕೆಟ್ ಸ್ಟ್ರೀಟ್ ಹತ್ತಿರ, ಅಮೆರಿಕದ ಹಳೇ ಮುಂದಾಳು, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಮನೆ ಇದ್ದ ಜಾಗದಲ್ಲಿ ಈಗ ಮನೆ ಇಲ್ಲ. 1812ರಲ್ಲೇ ಕೆಡವಿದರು. ಅದರ ಆಕಾರಕ್ಕೆ ಬರೀ ಉಕ್ಕಿನ ಚೌಕಟ್ಟು ನಿಲ್ಲಿಸಿದ್ದಾರೆ. ಊರಿಂದ ಬಂದ ನೆಂಟರನ್ನೆಲ್ಲ ಅಲ್ಲಿ ನಿಲ್ಲಿಸಿ ಫೋಟೋ ತೆಗೆದವಳು ನಾನು. ಆದರೆ ಆ ಮನೆ ಪೂರ್ತಿಯಾಗುವ ಹೊತ್ತಿಗೆ ಯಜಮಾನ ಲಂಡನ್ನಿನಲ್ಲಿದ್ದ, 1765ರಲ್ಲಿ ಸಾಮಾನು ಸಾಗಿಸಿ ಒಳಗೆ ಕಾಲಿಟ್ಟವಳು ಹೆಂಡತಿ ಡೆಬೊರಾ ಅನ್ನುವುದು ಗೊತ್ತಾದದ್ದು ತುಂಬಾ ತಡವಾಗಿ.

ಮೊದಲ ಸಲ ಇಬ್ಬರು ಪಾತ್ರಧಾರಿಗಳನ್ನಿಟ್ಟು ಪೂರ್ತಿ ಜೀವನಚರಿತ್ರೆಯನ್ನೇ ಬರೆದೆ. 1723ರಲ್ಲಿ ಕಂಕುಳಲ್ಲಿ ಬ್ರೆಡ್ ಇಟ್ಟುಕೊಂಡು ಬೀದಿಯಲ್ಲಿ ಬಂದ ಹುಡುಗ ಫ್ರಾಂಕ್ಲಿನ್‌ನನ್ನು ಇವಳು ಬಾಗಿಲಲ್ಲಿ ನಿಂತು ನೋಡಿದ್ದು. ಮಾತು ಕೊಟ್ಟು ಲಂಡನ್ನಿಗೆ ಹೋದವನು ಒಂದೇ ಕಾಗದ ಬರೆದು ಸುಮ್ಮನಾದದ್ದು. ಇವಳು ರಾಜರ್ಸ್ ಅನ್ನುವ ಕುಂಬಾರನನ್ನು ಮದುವೆಯಾದದ್ದು, ಅವನು ಸಾಲ ಮಾಡಿ ವೆಸ್ಟ್ ಇಂಡೀಸಿಗೆ ಓಡಿಹೋದದ್ದು. ಅವನು ಸತ್ತನೋ ಇದ್ದಾನೋ ಖಚಿತವಿಲ್ಲ. ಇವಳು ಇನ್ನೊಂದು ಮದುವೆಯಾದ ಮೇಲೆ ಅವನು ಬದುಕಿಬಂದರೆ 39 ಛಡಿ ಏಟು, ಜೀವಾವಧಿ ಜೈಲು. ಅದಕ್ಕೇ 1730ರ ಸೆಪ್ಟೆಂಬರಿನಲ್ಲಿ ಇವಳೂ ಫ್ರಾಂಕ್ಲಿನ್ನೂ ಶಾಸ್ತ್ರವಿಲ್ಲದೆ ಗಂಡ ಹೆಂಡತಿಯಾಗಿ ಸಂಸಾರ ಹೂಡಿದರು.

ಕಥೆ ಚೆನ್ನಾಗಿದೆ, ಅಲ್ವಾ? ರಂಗದ ಮೇಲೆ ಮಲಗಿತು. ವಿಗ್ಗು, ಕೋಟು, ಹಾಲ್ ಬಾಡಿಗೆ ಸೇರಿ ಸಾವಿರದ ಇನ್ನೂರು ಡಾಲರ್ ಹತ್ತಿರ ಕೈಬಿಟ್ಟಿತು. ಟಿಕೆಟ್ಟಿನಿಂದ ವಾಪಸ್ ಬಂದದ್ದು ಮುನ್ನೂರೂ ಇಲ್ಲ. ಜನ ಫ್ರಾಂಕ್ಲಿನ್ ಜೋಕಿಗೆ ನಕ್ಕರು. ನನ್ನ ಡೆಬೊರಾ ತಟ್ಟೆ ತಂದಿಟ್ಟು ಹೋಗುವವಳಾದಳು.

ಎರಡನೇ ಸಲ ಗಂಡನನ್ನು ತೆಗೆದು ಅವಳ ಕಾಗದಗಳನ್ನು ಹಿಡಿದೆ. ಫ್ರಾಂಕ್ಲಿನ್ ಕಾಗದಪತ್ರಗಳೆಲ್ಲ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಅವುಗಳ ನಡುವೆ ಇವಳವೂ ಇವೆ. ಆದರೆ ನಾನು ಅವನ್ನು ಅಚ್ಚುಕಟ್ಟಾದ ಪುಸ್ತಕದ ಕನ್ನಡಕ್ಕೆ ತಂದೆ. ಮತ್ತೆ ಸೋತೆ. ಯಾಕೆ ಅಂತ ಆರು ತಿಂಗಳು ತಿಳಿಯಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಸುಮ್ನೆ ಜೋರಾಗಿ ಓದಿದೆ. ಅವಳು ಕಿವಿಗೆ ಕೇಳಿದ ಹಾಗೆ ಬರೆಯುತ್ತಿದ್ದಳು. ಕಣ್ಣಿಗೆ ಬರೀ ತಪ್ಪು, ಬಾಯಲ್ಲಿ ಸರಿಯಾದ ಮಾತು. ಹಾಸನದ ನಮ್ಮ ಅಜ್ಜಿ ಕಾಗದ ಬರೆಸುವಾಗ ಹೇಳುತ್ತಿದ್ದ ಹಾಗೇ ಇತ್ತು. ಅಜ್ಜಿಯ ಮಾತಿಗೇ ಹಾಕಿದೆ, ಒಂದು ವಾಕ್ಯವನ್ನೂ ತಿದ್ದಲಿಲ್ಲ. ಗೆದ್ದದ್ದು ಅಲ್ಲಿ.

1765ರ ದೃಶ್ಯಕ್ಕೇ ಹದಿನೈದು ನಿಮಿಷ ಕೊಟ್ಟಿದ್ದೇನೆ. ಕಾಗದಪತ್ರಗಳ ಮೇಲೆ ಬ್ರಿಟನ್ ಹೇರಿದ ಸ್ಟಾಂಪ್ ತೆರಿಗೆಗೆ ಫ್ರಾಂಕ್ಲಿನ್ ಕೈಜೋಡಿಸಿದ್ದಾನೆ ಅಂತ ಊರೆಲ್ಲ ಗುಲ್ಲು. ಗುಂಪು ಮನೆ ಕೆಡವಲು ಬರುತ್ತದೆ ಅಂತ ಸುದ್ದಿ. ಎಲ್ಲರೂ ಊರು ಬಿಡು ಅಂದರು. ಇವಳು ಮಗಳು ಸ್ಯಾಲಿಯನ್ನು ಮಾತ್ರ ಬರ್ಲಿಂಗ್ಟನ್ನಿಗೆ ಕಳಿಸಿದಳು. ಸೋದರನಿಗೆ ಬಂದೂಕು ತೊಗೊಂಡು ಬಾ ಅಂತ ಹೇಳಿಕಳಿಸಿ, ಒಂದು ಕೋಣೆಯನ್ನೇ ಮದ್ದುಗುಂಡಿನ ಮನೆ ಮಾಡಿ ಕಾದಳು. ನಾನು ಯಾರಿಗೂ ಕೆಡುಕು ಮಾಡಿಲ್ಲ, ಹೋಗಲ್ಲ ಅನ್ನುವ ಹಟ. ಗುಂಪು ಮನೆ ಮುಟ್ಟಲಿಲ್ಲ. ಇದನ್ನು ಆಡುವಾಗ ಬಂದೂಕು ತೋರಿಸಬೇಡಿ. ನಾನು ಮೊದಲು ಮರದ್ದೊಂದು ಮಾಡಿಸಿದ್ದೆ, ಮಕ್ಕಳೆಲ್ಲ ನಗುತ್ತಿದ್ದರು. ಈಗ ಬಾಗಿಲಿಗೆ ಕಿವಿಕೊಟ್ಟು ಕೂರುತ್ತೇನೆ, ಅಷ್ಟೇ.

ಮಧ್ಯೆ ಗಂಟೆಯ ಹುಚ್ಚು ಹಿಡಿಯಿತು. ಫ್ರಾಂಕ್ಲಿನ್ 1752ರಲ್ಲಿ ಸಿಡಿಲು ಪರೀಕ್ಷೆಗೆ ಅಂತ ಮನೆಯೊಳಗೇ ಗಂಟೆ ಕಟ್ಟಿದ್ದ. ಮೋಡದಲ್ಲಿ ವಿದ್ಯುತ್ ಬಂದರೆ ಅವು ತಾವೇ ಬಾರಿಸುತ್ತಿದ್ದವು. ಇವಳಿಗೆ ಹೆದರಿಕೆ. ಗಂಟೆಗಳ ನಡುವೆ ಒಂದು ತಂತಿ ಕಟ್ಟು, ಸುಮ್ಮನಾಗುತ್ತವೆ ಅಂತ ಲಂಡನ್ನಿನಿಂದ ಬರೆದ. ನೋಡಿ, ಉಪಾಯ ಬಂತು, ಮನುಷ್ಯ ಬರಲಿಲ್ಲ. ನಾನು ದೇವರ ಕೋಣೆಯ ಗಂಟೆ, ಕಾಲ್ಗೆಜ್ಜೆ, ಕೊನೆಗೆ ಸೈಕಲ್ ಬೆಲ್ಲನ್ನೂ ಬಿಚ್ಚಿ ನೋಡಿದೆ. ಗೆಜ್ಜೆ ಕಟ್ಟಿದರೆ ಭರತನಾಟ್ಯ ಶುರುವಾದ ಹಾಗಿರುತ್ತದೆ. ಈಗ ನನ್ನ ಗಂಟೆ ಯಾರೂ ಮುಟ್ಟದೆ ಬಾರಿಸುತ್ತದೆ. ಹೇಗೆ ಅಂತ ಕೇಳಬೇಡಿ, ಮುಂದಿನ ಪ್ರಯೋಗಕ್ಕೂ ಅದೇ ಬೇಕು.

ಇನ್ನೊಂದು ಸಾಮಾನು, ಪಿಂಗಾಣಿ ಬಟ್ಟಲು. ಮಣ್ಣಿನ ಬಟ್ಟಲಲ್ಲಿ ಉಣ್ಣುತ್ತಿದ್ದ ಗಂಡನಿಗೆ ನೆರೆಹೊರೆಯವರಿಗಿಂತ ಕಮ್ಮಿಯಾಗಬಾರದು ಅಂತ ಇವಳು 23 ಶಿಲ್ಲಿಂಗ್ ಕೊಟ್ಟು ಬೆಳ್ಳಿ ಚಮಚ ಸಮೇತ ತಂದಿದ್ದಳು. ಅವನೇ ಬರೆದುಕೊಂಡಿದ್ದಾನೆ. ನನ್ನದು ಗುಜರಿ ಅಂಗಡಿಯ ನಾಲ್ಕು ಡಾಲರಿನ ಬಟ್ಟಲು.

ಕೊನೆಯ 17 ವರ್ಷಗಳಲ್ಲಿ ಗಂಡ ಅವಳ ಜೊತೆ ಇದ್ದದ್ದು ಸುಮಾರು ಎರಡು ವರ್ಷ. ಅವಳಿಗೆ ಸಮುದ್ರದ ಭಯ, ಲಂಡನ್ನಿಗೆ ಹೋಗಲಿಲ್ಲ. 1774ರ ಡಿಸೆಂಬರಿನಲ್ಲಿ ತೀರಿಕೊಂಡಳು. ಅವನು ಬಂದದ್ದು ಮುಂದಿನ ಮೇ ತಿಂಗಳಲ್ಲಿ. ಸಾವನ್ನು ನಾನು ಆಡುವುದಿಲ್ಲ. ಕಾಗದ ಬರೆಯುತ್ತಿರುವಾಗ ನಡುವಾಕ್ಯದಲ್ಲೇ ಬೆಳಕು ಆರುತ್ತದೆ. ಲೈಟಿನ ಹುಡುಗ ಒಂದು ಸಲ ಮೂರು ವಾಕ್ಯ ಮೊದಲೇ ಆರಿಸಿಬಿಟ್ಟ, ಅದು ಇನ್ನೂ ಚೆನ್ನಾಗಿತ್ತು. ಹಾಗೇ ಇಟ್ಟುಕೊಂಡೆ.

ಈ ಸಲದ ಖರ್ಚು ಇನ್ನೂರೈವತ್ತು ಡಾಲರ್ ಚಿಲ್ಲರೆ. ಇನ್ನೆರಡು ಸಂಘಗಳು ಕರೆದಿವೆ. ಮೊದಲ ನಾಟಕದ ಕೋಟು ಇನ್ನೂ ಗ್ಯಾರೇಜಿನಲ್ಲಿದೆ. ಯಾರಾದರೂ ಫ್ರಾಂಕ್ಲಿನ್ ಮಾಡುವವರಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ.